ಕೂಸು ಹುಟ್ಟುವ ಮುನ್ನ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆತುರಗಾರರನ್ನು ಹಾಸ್ಯಮಾಡಲು ಹುಟ್ಟಿಕೊಂಡ ಮಾತದು. ಆದರೆ ಈ ಆಗಮನ ಕಾಲದಲ್ಲಿ ಆ ಗಾದೆಯನ್ನು ಒಮ್ಮೆ ತಿರುವಿ ನೋಡಬೇಕೆಂದು ನನಗೆ ತೋರುತ್ತದೆ. ತಿಂಗಳು ತುಂಬುವ ಮೊದಲೇ ಈ ಲೋಕಕ್ಕೆ ಬಂದುಬಿಡುವ ಕೂಸಿಗೆ ಕುಲಾವಿ ಮೊದಲೇ ಸಿದ್ಧವಾಗಿರಬೇಕು. ಅದು ಹುಟ್ಟಿದ ಮೇಲೆ ಹೆಣೆಯಲು ಕುಳಿತರೆ ಕಾಲ ಮಿಂಚಿರುತ್ತದೆ.

ಡಿಸೆಂಬರ್ ಸಮೀಪಿಸುತ್ತಿದ್ದಂತೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಹೆಣಿಗೆಯ ಕಡ್ಡಿಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಕಾನ್ವೆಂಟ್ ಶಾಲೆಯ ಹೊಲಿಗೆ ತರಗತಿಯಲ್ಲಿ ಭಗಿನಿಯರಿಂದ ಕಲಿತ ಕೈಕೆಲಸವನ್ನು ಅರವತ್ತು ದಾಟಿದ ತಾಯಂದಿರು ಇಂದಿಗೂ ಮರೆತಿಲ್ಲ. ಮಧ್ಯಾಹ್ನದ ಮನೆಗೆಲಸ ಮುಗಿಸಿ, ಸಂಜೆಯ ಜಪಸರಕ್ಕೆ ಮುನ್ನ ದೊರೆಯುವ ಒಂದು ಗಂಟೆಯಲ್ಲಿ ಸ್ವೆಟರು, ಮಫ್ಲರು, ಕಾಲುಚೀಲಗಳನ್ನು ಹೆಣೆದು ಬಡವರಿಗೆಂದು ತಂದೊಪ್ಪಿಸುವ ಇವರನ್ನು ಕಂಡಾಗಲೆಲ್ಲ, ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ತಬಿಥಾ ನೆನಪಾಗುತ್ತಾಳೆ. ಯೊಪ್ಪದ ಆ ಮಹಿಳೆ ತೀರಿಕೊಂಡಾಗ ವಿಧವೆಯರು ಸಂತ ಪೇತ್ರರನ್ನು ಸುತ್ತುವರಿದು, ಆಕೆ ತಮಗೆ ಮಾಡಿಕೊಟ್ಟಿದ್ದ ಉಡುಪುಗಳನ್ನು ತೋರಿಸುತ್ತ ಅತ್ತರೆಂದು ಅಲ್ಲಿ ಬರೆದಿದೆ. ಆಕೆ ಆಡಿದ ಒಂದು ಮಾತನ್ನೂ ಪವಿತ್ರ ಗ್ರಂಥ ದಾಖಲಿಸಿಲ್ಲ.

ಇಂಥ ಉಡುಪುಗಳ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ನನ್ನ ಮೊದಲಿನ ಧರ್ಮಕೇಂದ್ರದಲ್ಲಿದ್ದಾಗ, ಎರಡು ಚೀಲ ತುಂಬ ಪುಟ್ಟ ಸ್ವೆಟರುಗಳನ್ನು ಹೊತ್ತು ಹೆರಿಗೆ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ತಿಳಿಗುಲಾಬಿ, ತಿಳಿನೀಲಿ ಬಣ್ಣ, ಕೊರಳಿಗೆ ರಿಬ್ಬನ್ನು, ಎದೆಯ ಮೇಲೆ ಮುತ್ತಿನಂಥ ಗುಂಡಿಗಳು. ಸಂಘದ ಅಧ್ಯಕ್ಷೆಯೂ ಕ್ಯಾಮೆರಾ ಹಿಡಿದ ಒಬ್ಬ ಯುವಕನೂ ಜೊತೆಗಿದ್ದರು. ನವಜಾತ ಶಿಶುಗಳ ವಿಭಾಗದ ಹಿರಿಯ ದಾದಿ (ಅವರನ್ನೂ ‘ಸಿಸ್ಟರ್’ ಎಂದೇ ಕರೆಯುವುದರಿಂದ ನಮ್ಮವರಿಗೆ ಗೊಂದಲವಾದೀತು, ಇವರು ಕನ್ಯಾಸ್ತ್ರೀಯಲ್ಲ, ಮಕ್ಕಳೊಂದಿಗ ಗೃಹಿಣಿ) ಒಂದೊಂದನ್ನೂ ಕೈಯಲ್ಲಿ ಹಿಡಿದು ಮೆಚ್ಚಿಕೊಂಡರು. ಬಳಿಕ ತುಸು ಸಂಕೋಚದಿಂದಲೇ, “ಬಹಳ ಚೆನ್ನಾಗಿವೆ ಫಾದರ್, ಆದರೆ ನಮ್ಮ ವಾರ್ಡಿನ ಮಕ್ಕಳಿಗೆ ಸ್ವೆಟರ್ ಹಾಕುವುದಿಲ್ಲ. ಅಮ್ಮನ ಎದೆಯ ಮೇಲೆ ಮಲಗಿಸುತ್ತೇವೆ. ನಡುವೆ ಸ್ವೆಟರ್ ಇದ್ದರೆ ಅಮ್ಮನ ಮೈಶಾಖ ಮಗುವಿಗೆ ತಾಗುವುದು ಹೇಗೆ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಪ್ರೀತಿಯಿಂದ ಹೆಣೆದದ್ದು ತಾಯಿಗೂ ಕೂಸಿಗೂ ನಡುವಣ ಗೋಡೆಯಾಗಬಹುದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಅವರು ಹೇಳಿದ ಕ್ರಮಕ್ಕೆ ಕಾಂಗರೂ ಆರೈಕೆ ಎಂದು ಹೆಸರು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಶಾಖಪೆಟ್ಟಿಗೆಗಳ ಕೊರತೆಯಿಂದ ಒಂದೇ ಪೆಟ್ಟಿಗೆಯಲ್ಲಿ ಹಲವು ಶಿಶುಗಳನ್ನು ಇಡಬೇಕಾಗಿ ಬಂದು ಸೋಂಕು ಹರಡುತ್ತಿದ್ದ ಕಾಲದಲ್ಲಿ, ಡಾ. ಎಡ್ಗಾರ್ ರೇ ಎಂಬ ವೈದ್ಯರು ಇದನ್ನು ಆರಂಭಿಸಿದರು. ಬಡತನದ ಉಪಾಯವೆಂದು ತೊಡಗಿದ್ದು ಇಂದು ಶ್ರೀಮಂತ ದೇಶಗಳಲ್ಲಿಯೂ ನಡೆಯುತ್ತಿದೆ. ತಿಂಗಳು ತುಂಬದ ಅಥವಾ ಕಡಿಮೆ ತೂಕದ ಕೂಸನ್ನು ಹುಟ್ಟಿದ ಕೂಡಲೇ ತಾಯಿಯ ಬರಿಮೈಗೆ ಆನಿಸಿ, ದಿನಕ್ಕೆ 8 ಗಂಟೆಗೆ ಕಡಿಮೆಯಿಲ್ಲದಂತೆ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಆ ಕೂಸಿನ ಮೈಮೇಲಿರುವುದು ಒಂದು ಲಂಗೋಟಿ, ತಲೆಗೊಂದು ಟೋಪಿ, ಪಾದಗಳಿಗೆ ಕಾಲುಚೀಲ, ಇಷ್ಟೇ. ಇಂಥ ಶಿಶುವಿನ ಚರ್ಮದಡಿಯಲ್ಲಿ ಕೊಬ್ಬು ಇರುವುದಿಲ್ಲವೆಂದೇ ಹೇಳಬೇಕು. ಮೈಗೆ ಹೋಲಿಸಿದರೆ ತಲೆ ದೊಡ್ಡದು. ಆದ್ದರಿಂದ ಶಾಖ ಬಹಳಷ್ಟು ತಲೆಯ ಮೂಲಕವೇ ಸೋರಿಹೋಗುತ್ತದೆ. ಮೈ 36.5 ಡಿಗ್ರಿಗಿಂತ ತಣ್ಣಗಾದರೆ, ಬೆಳೆಯಲು ಬೇಕಾದ ಶಕ್ತಿಯನ್ನೆಲ್ಲ ಅದು ಬೆಚ್ಚಗಾಗಲೆಂದೇ ಸುಟ್ಟುಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ತೂಕ ನೋಡಿದ ಶಿಶುಗಳಲ್ಲಿ ಶೇಕಡಾ 18ರಷ್ಟು ಎರಡೂವರೆ ಕಿಲೋಗಿಂತ ಕಡಿಮೆಯಿದ್ದವು. ಈ ಟೋಪಿಯ ಅಗತ್ಯ ಎಲ್ಲೋ ದೂರದ ಸಂಗತಿಯಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ನೂಲು ಉಪಾದಾನ ಕಾರಣ, ಹೆಣಿಗೆಯ ಮಾದರಿ ರೂಪ ಕಾರಣ, ಹೆಣೆಯುವ ಕೈ ನಿಮಿತ್ತ ಕಾರಣ, ಯಾರಿಗಾಗಿ ಎಂಬುದು ಉದ್ದೇಶ ಕಾರಣ. ಈ ಕೊನೆಯದೇ ಕಾರಣಗಳ ಕಾರಣವೆಂದು ಸಂತ ಥಾಮಸ್ ಅಕ್ವಿನಾಸರು ಹೇಳಿದ್ದಾರೆ. ಪರೀಕ್ಷೆಯಲ್ಲಿ ನಾನಿದನ್ನು ತಪ್ಪಿಲ್ಲದೆ ಬರೆದಿದ್ದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಎರಡು ಚೀಲ ಹಿಡಿದು ನಿಂತಾಗ ಮಾತ್ರ, ಮೊದಲ ಮೂರು ಸರಿಯಿದ್ದು ನಾಲ್ಕನೆಯದು ಕೈತಪ್ಪಿದೆಯೆಂಬುದು ಅರಿವಾಯಿತು. ಆ ಸ್ವೆಟರುಗಳ ಉದ್ದೇಶ ಕೂಸಾಗಿರಲಿಲ್ಲ. ಕೂಸಿನ ವಿಷಯದಲ್ಲಿ ನಮಗಿದ್ದ ಒಂದು ಮುದ್ದಾದ ಕಲ್ಪನೆಯಾಗಿತ್ತು. ತುಂಬಿದ ಚೀಲದೊಡನೆ ಭಾವಚಿತ್ರದಲ್ಲಿ ಕಾಣಿಸಿಕೊಳ್ಳುವ ಆಸೆಯೂ ಸ್ವಲ್ಪ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ಸೈನಿಕರಿಗಾಗಿ ಹೆಣೆಯುವ ಸಾವಿರಾರು ಮಹಿಳೆಯರಿಗೆ ಕಾಲುಚೀಲ, ಸ್ವೆಟರು, ಮಫ್ಲರುಗಳ ನಿಶ್ಚಿತ ಮಾದರಿಗಳನ್ನು ಅಚ್ಚುಹಾಕಿಸಿ ಹಂಚಿತ್ತು. ಪ್ರೀತಿಗೆ ಇಂಥ ಕಟ್ಟುಪಾಡೇಕೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಹಿಮ್ಮಡಿಯ ಬಳಿ ಉಳಿದ ಒಂದು ಗಂಟು ಹತ್ತು ಮೈಲಿ ನಡೆಯುವವನ ಕಾಲಿನಲ್ಲಿ ಬೊಕ್ಕೆ ಎಬ್ಬಿಸುತ್ತದೆ. ಅಳತೆಪಟ್ಟಿಯೂ ಕರುಣೆಯ ಸಾಧನವೇ.

ಆ ದಾದಿ ನಮ್ಮನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಬ್ಯಾಂಡೇಜಿನ ದಾರ ತೆಗೆದು ಮೂರು ತುಂಡುಗಳನ್ನು ಕತ್ತರಿಸಿ ಕೊಟ್ಟರು. ಒಂದು ಕಿಲೋ ತೂಕದ ಕೂಸಿನ ತಲೆಯ ಸುತ್ತಳತೆ ಸುಮಾರು 25 ಸೆಂಟಿಮೀಟರು, ಒಂದೂವರೆ ಕಿಲೋ ಇದ್ದರೆ 28, ಎರಡು ಕಿಲೋ ಇದ್ದರೆ 31. ಮೊದಲನೆಯದನ್ನು ಮನೆಗೆ ತಂದು ಅಡುಗೆಮನೆಯಲ್ಲಿದ್ದ ದೊಡ್ಡ ಮೂಸಂಬಿಗೆ ಸುತ್ತಿದೆ, ಸರಿಯಾಗಿ ಕೂತಿತು. ಟೋಪಿಗೆ ಲಾಡಿ ಬೇಡ, ಗುಂಡಿ ಬೇಡ, ನೆತ್ತಿಯ ಮೇಲೆ ಉಲ್ಲನ್ ಚೆಂಡು ಬೇಡ. ಬಿಸಿನೀರಿನಲ್ಲಿ ಮತ್ತೆ ಮತ್ತೆ ಒಗೆದರೂ ಕುಗ್ಗದ, ಎಳೆ ಉದುರದ ಮೃದುವಾದ ನೂಲಿರಲಿ ಎಂದೂ ಹೇಳಿದರು. ಇನ್ನೊಂದು ಮಾತು: ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಮನೆಯೊಳಗೆ ನಿದ್ರೆಯಲ್ಲೂ ಟೋಪಿ ಬಿಗಿಯುವುದು ಒಳ್ಳೆಯದಲ್ಲ, ಮೈ ಅತಿಯಾಗಿ ಕಾದೀತು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಎಚ್ಚರಿಸಿದೆ. ನಮ್ಮ ಅಜ್ಜಿಯಂದಿರು ಇದನ್ನು ಒಪ್ಪಲಾರರೆಂಬುದು ನನಗೆ ಗೊತ್ತು.

ವಯಸ್ಕರ ವಿಷಯಕ್ಕೆ ಬಂದರೆ ಅಳತೆಗಿಂತ ನೂಲೇ ಮುಖ್ಯ. ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಕೂಸಿನ ಟೋಪಿಗೆ ಅದು ಸಲ್ಲುತ್ತದೆ. ಆದರೆ ಬೆಂಗಳೂರಿನ ಫುಟ್‌ಪಾತಿನಲ್ಲಿ ಮಲಗುವ ಕೂಲಿಯವರು, ರಾತ್ರಿ ಕಾವಲುಗಾರರು ಕಸಕಡ್ಡಿ ಹೊತ್ತಿಸಿ ಮೈ ಕಾಯಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಬೆಂಕಿ ತಗುಲಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕುರಿಯ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು. ಇಬ್ಬನಿಯಲ್ಲಿ ತೇವಗೊಂಡರೂ ಬೆಚ್ಚಗಿಡುತ್ತದೆ. ಇಂಥವರಿಗೆ ಹೆಣೆಯುವುದರ ಬದಲು ಚಳ್ಳಕೆರೆ ಕಡೆಯ ಕುರುಬ ನೇಕಾರರು ಹುಣಸೆ ಬೀಜದ ಗಂಜಿ ಹಾಕಿ ನೇಯುವ ಕಂಬಳಿಯನ್ನೇ ಕೊಂಡು ಕೊಡುವುದು ಲೇಸೆಂದು ನನ್ನ ಅಭಿಪ್ರಾಯ. ಚುಚ್ಚುತ್ತದೆ, ನಿಜ, ಆದರೆ ಬಹುಕಾಲ ಬಾಳುತ್ತದೆ, ಮಗ್ಗದ ಮನೆಗೂ ಅನ್ನವಾಗುತ್ತದೆ.

ಹಾಗಾದರೆ ಎಲ್ಲವನ್ನೂ ಕೊಂಡೇ ಕೊಡಬಾರದೇಕೆ, ಇಷ್ಟು ಹೊತ್ತು ಕಡ್ಡಿ ಹಿಡಿದು ಕೂರುವುದೇಕೆ ಎಂದು ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಯಂತ್ರದ ಮಫ್ಲರು ಅಗ್ಗವಾಗಿ ಸಿಗುವಲ್ಲಿ ಹೆಣೆಯಲೇಬೇಕೆಂಬ ಹಟ ನಮ್ಮ ಸಂತೋಷಕ್ಕಾಗಿ ಎನ್ನಬೇಕಾಗುತ್ತದೆ. ಆದರೆ ಮೂಸಂಬಿ ಗಾತ್ರದ ಟೋಪಿಯನ್ನು ನಮ್ಮ ಪೇಟೆಯ ಬಟ್ಟೆ ಅಂಗಡಿಗಳಲ್ಲಿ ಕೇಳಿ ನೋಡಿ. ನಾನು ಮೂರು ಅಂಗಡಿ ಸುತ್ತಿದೆ. ಇದ್ದುದರಲ್ಲಿ ಅತಿ ಚಿಕ್ಕದೂ ಆ ದಾರಕ್ಕಿಂತ ಒಂದು ಗೇಣು ದೊಡ್ಡದಿತ್ತು. ಹೆಣೆಯುವ ಕೈ ಬೇಕಾಗಿರುವುದು ಅಲ್ಲಿ. ಒಂದು ಸ್ವೆಟರಿಗೆ ಬೇಕಾದ ನೂಲಿನಲ್ಲಿ ಇಂಥ ಹಲವು ಟೋಪಿಗಳಾಗುತ್ತವೆ, ಅಭ್ಯಾಸವಿದ್ದವರು ಒಂದು ಸಂಜೆಗೆ ಒಂದನ್ನು ಮುಗಿಸುತ್ತಾರೆ.

ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಹೆಣಿಗೆ ಆರಂಭಿಸುವ ಮೊದಲೇ ಆಸ್ಪತ್ರೆಗೆ ಹೋಗಿ ಕೇಳಿ ಬಂದಿದ್ದೇವೆ. ಟೋಪಿಗಳನ್ನು ದಾದಿಯರ ಕೈಗೆ ಒಪ್ಪಿಸಿ ಮರಳುವುದು. ಹೆರಿಗೆಯಾಗಿ ಮಲಗಿದ ತಾಯಿಯ ಮುಂದೆ ಕ್ಯಾಮೆರಾ ಹಿಡಿಯುವುದಿಲ್ಲ ಎಂಬುದನ್ನು ಸಂಘದವರು ತಾವಾಗಿಯೇ ತೀರ್ಮಾನಿಸಿದರು. ಆ ಮೂರು ದಾರಗಳನ್ನು ದೇವಾಲಯದ ಸೂಚನಾ ಫಲಕದಲ್ಲಿ ಮೊಳೆಗೆ ಕಟ್ಟಿದ್ದೇನೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಂದಿರು ಬಂದು ತಮ್ಮ ಹೆಣಿಗೆಯನ್ನು ಅದಕ್ಕೆ ಹಿಡಿದು ನೋಡುತ್ತಾರೆ. ಅತಿ ಚಿಕ್ಕ ದಾರವನ್ನು ಎಳೆದೆಳೆದು ಅಳೆದು ಅದರ ತುದಿ ಆಗಲೇ ಪಿಂಜಿಹೋಗಿದೆ, ಹೊಸದನ್ನು ಕಟ್ಟಬೇಕು.