ತೆಂಗಿನಕಾಯಿಗೆ ಬದಲಾಗಿ ಏನುಂಟು?

ಮಂಡೆಕೋಲು ಕಡೆ ಅಡಿಕೆ ತೋಟಕ್ಕೆ ಬೋರು ತೆಗೆಯುವ ಮೊದಲು ನೀರು ನೋಡುವವರನ್ನು ಕರೆಸುವುದುಂಟು. ಅಂಗೈಯಲ್ಲಿಟ್ಟ ತೆಂಗಿನಕಾಯಿ ನೆಟ್ಟಗೆ ನಿಂತರೆ ಅಲ್ಲೇ ಪಾಯಿಂಟು. ನಾವು ಹಾಸ್ಟೆಲಲ್ಲಿ ಕೂತು ನಗ್ತೇವೆ. ಸರಿ, ಬದಲಿಗೆ ನಮ್ಮ ಹತ್ರ ಏನುಂಟು?

ಒಂದು ಉಂಟು. ರುಬಿಡಿಯಂ ಪರಮಾಣುಗಳನ್ನು ಲೇಸರಿನಿಂದ ತಣಿಸಿ, ಬೀಳಲು ಬಿಟ್ಟು, ಅವುಗಳ ಅಲೆಯನ್ನು ಒಡೆದು ಮತ್ತೆ ಕೂಡಿಸಿದರೆ ಆ ಜಾಗದ ಗುರುತ್ವ ಸಿಗುತ್ತದೆ. 2022ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಂಥದ್ದೇ ಉಪಕರಣದಿಂದ ನೆಲದಡಿಯ ಎರಡು ಮೀಟರ್ ಅಗಲದ ಸುರಂಗ ಪತ್ತೆ ಮಾಡಿದರು. (ನಮ್ಮ ಗಡಿಯ ಮುರಕಲ್ಲಿನ ನೀರಿನ ಸುರಂಗಗಳು ನೆನಪಾಗ್ಲಿಲ್ವಾ? ಅವು ಇನ್ನೂ ಕಿರಿದು ಬಿಡಿ.) ಇನ್ನಷ್ಟು ತಣಿಸಿದರೆ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್. ಅದು ಬೇಗ ಹರಡುವುದಿಲ್ಲ, ಹೆಚ್ಚು ಹೊತ್ತು ಬೀಳಲು ಬಿಡಬಹುದು. ಹೊತ್ತು ದುಪ್ಪಟ್ಟಾದರೆ ಸಿಗ್ನಲ್ ನಾಲ್ಕು ಪಟ್ಟು.

ಹಾಗಂತ 500 ಅಡಿ ಆಳದ ಬಂಡೆಯ ಸೀಳು ಇದಕ್ಕೆ ಕಾಣುವುದಿಲ್ಲ. ಆದರೆ ಊರಡಿಯ ನೀರು ಒಂದು ಮೀಟರ್ ದಪ್ಪದಷ್ಟು ಖಾಲಿಯಾದರೆ ಗುರುತ್ವ ಹತ್ತು ಕೋಟಿಯಲ್ಲಿ ನಾಲ್ಕು ಪಾಲು ಇಳಿಯುತ್ತದೆ. ಅಷ್ಟನ್ನು ಅಳೆಯಬಹುದು. ಇನ್ನು ಬೋರು ಸಾಕು ಅಂತ ಹೇಳಲು ಪಂಚಾಯತಿಗೆ ಬೇಕಾದದ್ದು ಆ ಲೆಕ್ಕ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಣ್ಣನೆಯ ಪರಮಾಣುಗಳ ಲ್ಯಾಬ್ ಉಂಟು. 2023ರ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನಲ್ಲಿ ಸೆನ್ಸಿಂಗ್‌ಗೇ ಒಂದು ಹಬ್ ಉಂಟು. ನಮ್ಮ ಫೈನಲ್ ಇಯರ್ ಪಟ್ಟಿಯಲ್ಲಿ ಮಾತ್ರ ಪುನಃ ಅದೇ ಸ್ಮಾರ್ಟ್ ಡಸ್ಟ್‌ಬಿನ್. ಲೇಸರ್ ಲಾಕ್ ಮಾಡುವ ಸರ್ಕ್ಯೂಟು, ಕಂಪನ ತಡೆಯುವ ಮೇಜು ಇವೆಲ್ಲ ಇ ಅಂಡ್ ಸಿ, ಮೆಕ್ಯಾನಿಕಲ್‌ನವರ ಕೈಗೆ ಎಟಕುವ ಕೆಲಸವೇ. ಈ ಸಲ ಒಂದು ತಂಡವಾದರೂ ಎತ್ತಿಕೊಳ್ಳಲಿ. ಗೈಡ್ ಸಿಗದಿದ್ದರೆ ನಾವೇ ಒಟ್ಟಾಗಿ ಪ್ರಿನ್ಸಿಪಾಲರ ಹತ್ರ ಹೋಗುವಾ.