ಎಂಟು ವರ್ಷ ತಡವಾಗಿ ಬಂದ ಸಂತೋಷ

ಮೊನ್ನೆ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದೆ. ಪಕ್ಕದ ಮನೆಯಾಕೆ ಬಂದು ಮೆಟ್ಟಿಲ ಮೇಲೆ ಕೂತರು. ಅವರ ಯಜಮಾನರು ಹಾಸಿಗೆ ಹಿಡಿದು ಮೂರು ತಿಂಗಳಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಕಣ್ರೀ, ಕಷ್ಟದಲ್ಲೂ ಸಂತೋಷವಾಗಿರಬೇಕು ಅಂತ ನಿಮ್ಮ ಚರ್ಚಿನಲ್ಲಿ ಹೇಳ್ತಾರಂತಲ್ಲ. ಅದು ಎಲ್ಲಿಂದ ಬರುತ್ತೆ?” ಎಂದು ಕೇಳಿದರು. ಕೊಂಕು ಮಾತಲ್ಲ ಅದು, ನಿಜವಾಗಿಯೇ ಕೇಳಿದ್ದು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಸಹೋದರಿಯರೇ, ನಿಮ್ಮ ಹತ್ತಿರ ಸುಳ್ಳೇಕೆ ಹೇಳಲಿ? ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ವರ್ಷ ನನಗೂ ಅದು ಎಲ್ಲಿಂದಲೂ ಬರಲಿಲ್ಲ. ಭಾನುವಾರ ಎಲ್ಲರೂ ಎದ್ದು ನಿಂತು ಹಾಡುವಾಗ ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಬಾಯಿ ಮಾತ್ರ ಆಡಿಸುತ್ತಿದ್ದೆ. ಮನೆಯಲ್ಲಿ ಎಣ್ಣೆ ಇಲ್ಲವೆಂಬ ದುಃಖ ಒಂದು. ವಿಶ್ವಾಸಿಯಾಗಿಯೂ ಅಳುತ್ತೇನಲ್ಲ ಎಂಬ ನಾಚಿಕೆ ಇನ್ನೊಂದು. ಎರಡನೆಯದೇ ಹೆಚ್ಚು ಸುಡುತ್ತಿತ್ತು. ಇನ್ನೂ ಬೇಗ ಎದ್ದು ಪ್ರಾರ್ಥಿಸಿದೆ, ಉಪವಾಸ ಮಾಡಿದೆ. ಒಳಗೆ ಮಾತ್ರ ಬೂದಿ ಮುಚ್ಚಿದ ಒಲೆಯ ಹಾಗೇ ಇತ್ತು.

ಆ ದಿನಗಳಲ್ಲಿ ನನ್ನ ಕೈಗೆ ಸಿಕ್ಕಿದ್ದು ಪಂಡಿತಾ ರಮಾಬಾಯಿಯವರ ಜೀವನ ಚರಿತ್ರೆ. ಇವರು ಹುಟ್ಟಿದ್ದು ನಮ್ಮ ನಾಡಿನಲ್ಲೇ, 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಆಮೇಲೆ ಊರೂರು ತಿರುಗಾಟ, ಪುರಾಣ ಪ್ರವಚನ. ಸಂಸ್ಕೃತ ಕಲಿಸಿದ್ದು ತಾಯಿ ಲಕ್ಷ್ಮೀಬಾಯಿ. 1870ರ ದಶಕದ ಬರಗಾಲದಲ್ಲಿ ಈ ಸಂಸಾರ ಕಾಡಿನಲ್ಲಿ ನೀರು ಕುಡಿದು, ಎಲೆ ತಿಂದು ದಿನ ದೂಡಿತು. ತಂದೆ, ತಾಯಿ, ಅಕ್ಕ, ಒಬ್ಬರ ಹಿಂದೆ ಒಬ್ಬರು ಹೋದರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಮದುವೆಯಾಯಿತು. ಎರಡು ವರ್ಷ ತುಂಬುವ ಮೊದಲೇ ಗಂಡನನ್ನು ಕಾಲರಾ ಒಯ್ದಿತು. ಕಂಕುಳಲ್ಲಿ ವರ್ಷ ತುಂಬದ ಮಗಳು ಮನೋರಮಾ. ಓದುತ್ತಾ ಓದುತ್ತಾ ನನ್ನ ಎಣ್ಣೆಯ ದುಃಖ ಚಿಕ್ಕದಾಯಿತು ಎಂದು ಹೇಳಲಾರೆ. ಬೇರೆಯವರ ಕಷ್ಟ ದೊಡ್ಡದಾದರೆ ನಮ್ಮದು ಕಮ್ಮಿಯಾಗುವುದಿಲ್ಲ, ಅಲ್ಲವೇ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹೊರಗಿನಿಂದ ನೋಡಿದರೆ ಏನೂ ಕೊರತೆಯಿಲ್ಲ. ಆದರೆ 1907ರಲ್ಲಿ ತಮ್ಮ ಕಥೆಯನ್ನು ತಾವೇ ಬರೆದಾಗ ಅವರು ಒಂದು ಮಾತು ಒಪ್ಪಿಕೊಂಡರು: ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ, ಅದು ತಿಳಿಯಲು ಎಂಟು ವರ್ಷ ಹಿಡಿಯಿತು ಎಂದು. ಅಷ್ಟು ಓದಿದ ಪಂಡಿತೆ, ಎಂಟು ವರ್ಷ! ತಾನು ಇನ್ನೂ ಒಳ್ಳೆಯವಳಾಗಬೇಕು, ಆಮೇಲೆ ದೇವರು ಒಪ್ಪಿಕೊಳ್ಳುತ್ತಾನೆ ಎಂದು ಹೆಣಗಿ ಹೆಣಗಿ ಸೋತಿದ್ದರು. ಅವನು ಇದ್ದ ಹಾಗೇ, ಈಗಲೇ ಒಪ್ಪಿಕೊಂಡಿದ್ದಾನೆ ಎಂದು ಮನಸ್ಸಿಗೆ ನಾಟಿದ ಮೇಲೆ ಸಂತೋಷ ತಾನಾಗಿ ಬಂತು. ಗಳಿಸಿದ್ದಲ್ಲ, ಕೊಟ್ಟದ್ದು.

ಬಂದ ಸಂತೋಷ ಕಷ್ಟವನ್ನು ಓಡಿಸಿತೇ? ಇಲ್ಲ. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಂತು. ಹಸಿವಿನ ರುಚಿ ಕಂಡಿದ್ದ ಈಕೆ ಅಲ್ಲಿಗೇ ಹೋಗಿ, ಎಲುಬು ಕಾಣುವ ಹೆಣ್ಣುಮಕ್ಕಳನ್ನು ನೂರಾರು ಲೆಕ್ಕದಲ್ಲಿ ಕರೆತಂದರು. ಪುಣೆಯ ಹತ್ತಿರದ ಕೇಡಗಾಂವಿಯಲ್ಲಿ ಬೆಳೆದ ಆ ನೆಲೆಗೆ ‘ಮುಕ್ತಿ’ ಎಂದು ಹೆಸರು. 1900ರ ಬರವೂ ಸೇರಿ ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಆದರು. ನಾವು ಹತ್ತು ಜನ ನೆಂಟರು ಬಂದರೆ ಅಕ್ಕಿ ಡಬ್ಬ ಅಲ್ಲಾಡಿಸಿ ನೋಡುತ್ತೇವೆ! ಆ ಹುಡುಗಿಯರಿಗೆ ಓದು ಬರಹದ ಜೊತೆ ನೇಯ್ಗೆ, ಹೈನು, ಅಚ್ಚುಕೂಟದ ಕೆಲಸವನ್ನೂ ಕಲಿಸಿದರು. ಮಗಳು ಮನೋರಮಾ ತಾಯಿಗೆ ಬಲಗೈ. ಗುಲ್ಬರ್ಗಾದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ತಾಯಿ ತೆರೆದ ಶಾಲೆಯನ್ನೂ ನಡೆಸಿದವಳು. ಆ ಮಗಳೂ 1921ರಲ್ಲಿ ತೀರಿಕೊಂಡಳು. ಒಬ್ಬಳೇ ಮಗಳು. ಆ ತಾಯಿ ಅಳಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬೆ. ಆದರೆ ಹೀಬ್ರೂ, ಗ್ರೀಕ್ ಮೂಲ ಇಟ್ಟುಕೊಂಡು ಬೈಬಲನ್ನು ಸುಲಭ ಮರಾಠಿಗೆ ತರುವ ಕೆಲಸವನ್ನು ಆಕೆ ಬಿಡಲಿಲ್ಲ. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ಇದನ್ನು ಓದಿದ ಮೇಲೆ ನಾನು ಉಪವಾಸ ಬಿಟ್ಟೆ. ನಗಬೇಡಿ! “ಸ್ವಾಮೀ, ನನ್ನ ಹತ್ತಿರ ಸಂತೋಷವೂ ಇಲ್ಲ, ಎಣ್ಣೆಯೂ ಇಲ್ಲ, ಹೀಗೇ ಬಂದಿದ್ದೇನೆ” ಅಂತ ಒಲೆ ಮುಂದೆ ಕೂತು ಹೇಳಿದೆ. ಆವತ್ತು ಏನೂ ಆಗಲಿಲ್ಲ. ತಿಂಗಳೆರಡು ಕಳೆದು, ಸಾರಿಗೆ ಒಗ್ಗರಣೆ ಹಾಕುವಾಗ ನಾನು ಹಾಡು ಗುನುಗುತ್ತಿದ್ದೆನಂತೆ. ನಮ್ಮವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಏನೇ, ಪತ್ರ ಏನಾದರೂ ಬಂತಾ?” ಎಂದರು. ಯಾವ ಪತ್ರವೂ ಬಂದಿರಲಿಲ್ಲ. ಸಾಲ ಹಾಗೇ ಇತ್ತು. ಇವತ್ತಿಗೂ ಒಂದಷ್ಟು ಇದೆ, ಈ ಹಪ್ಪಳ ಅದಕ್ಕೇ.

ಪಕ್ಕದ ಮನೆಯಾಕೆಗೆ ಇಷ್ಟೆಲ್ಲ ಹೇಳಲಿಲ್ಲ. “ಮೊದಲು ಅತ್ತುಬಿಡಿ, ನಾನಿಲ್ಲೇ ಇರ್ತೀನಿ” ಅಂದೆ. ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕೇಳದೆಯೇ ಮಣೆ ಎಳೆದುಕೊಂಡು ಕೂತು, ಉಳಿದ ಹಪ್ಪಳವನ್ನು ನನ್ನ ಜೊತೆ ಒತ್ತಿದರು. ರಮಾಬಾಯಿಯವರ ಪುಸ್ತಕ ಈಗ ಅವರ ಮನೆಯಲ್ಲಿದೆ.