ಒಂದೆಲಗದ ಬದು ಉಳಿಯಲಿ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿರಲಿ, ನಮ್ಮೂರ ಪೇಟೆಯಲ್ಲಿರಲಿ, ಗ್ರಂಧಿಗೆ ಅಂಗಡಿಯಲ್ಲಿ ‘ಬ್ರಾಹ್ಮಿ’ ಎಂದು ಕೊಂಡ ಪುಡಿ ಒಂದೆಲಗದ್ದೋ ನೀರುಬ್ರಾಹ್ಮಿಯದೋ ಎಂಬುದು ಕಣ್ಣಿಗೆ ತಿಳಿಯದು. ಎರಡಕ್ಕೂ ಒಂದೇ ಹೆಸರು. ಗುಣ ಮಾತ್ರ ಬೇರೆ. ಒಂದೆಲಗದ ಏಷ್ಯಾಟಿಕೋಸೈಡ್, ಮೆಡಕಾಸೋಸೈಡ್ ಎಂಬ ಟ್ರೈಟರ್ಪೀನ್ ಸಂಯುಕ್ತಗಳು ಚರ್ಮದಲ್ಲಿ ಕೊಲಾಜನ್ ಉತ್ಪತ್ತಿಯನ್ನು ಹೆಚ್ಚಿಸಿ ಗಾಯ ಮಾಯಲು ನೆರವಾಗುತ್ತವೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ನೀರುಬ್ರಾಹ್ಮಿಯಲ್ಲಿ ಮುಖ್ಯವಾದವು ಬ್ಯಾಕೋಸೈಡ್‌ಗಳು. ಮನುಷ್ಯರ ಮೇಲಿನ ಪರೀಕ್ಷೆಗಳು ಇನ್ನೂ ಸಾಲವು. ಆಳವಾದ ಗಾಯಕ್ಕೆ ಅರೆದ ಸೊಪ್ಪು ಧನುರ್ವಾಯುವಿನ ಚುಚ್ಚುಮದ್ದಿಗೆ ಬದಲಿಯಲ್ಲ.

ಗದ್ದೆಯ ಬದುವಿನಲ್ಲಿ ತಂಬುಳಿಗೆಂದು ಒಂದೆಲಗ ಕೊಯ್ಯುವ ಮಲೆನಾಡಿನ ತಾಯಂದಿರಿಗೆ ಈ ಗೊಂದಲವಿಲ್ಲ. ಪುಡಿಯಲ್ಲಿ ಅಳಿದ ಗುರುತು ಬದುವಿನಲ್ಲಿ ಉಳಿದಿದೆ. ಆದರೆ ಅದೇ ಬದುವಿಗೆ ನಾವು ಕಳೆನಾಶಕ ಸಿಂಪಡಿಸುತ್ತಿದ್ದೇವೆ. ಮಣ್ಣು, ನೀರಿನಲ್ಲಿರುವ ಭಾರಲೋಹಗಳನ್ನೂ ಹೀರಿಕೊಳ್ಳಬಲ್ಲ ಗಿಡವಿದು. ಕೊಳಚೆಯ ದಂಡೆಯಲ್ಲಿ ಬೆಳೆದದ್ದು ಮದ್ದಾಗಲಾರದು. ಶುದ್ಧವಾದ ಬದುವೇ ಇದರ ಔಷಧಶಾಲೆ.

2002ರ ಜೀವವೈವಿಧ್ಯ ಕಾಯಿದೆಯನ್ವಯ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದರಲ್ಲಿ ಗಿಡದ ಹೆಸರಷ್ಟೇ ಸಾಲದು. ಅದು ಬೆಳೆಯುವ ಬದು, ತೊರೆಯ ಅಂಚೂ ಸೇರಲಿ. ವಿದ್ಯಾರ್ಥಿಗಳೇ, ಅಜ್ಜಿಯೊಡನೆ ಒಮ್ಮೆ ಬದುವಿಗೆ ಹೋಗಿ ನೋಡಿ, ಬರೆದು ತನ್ನಿ. ಮದ್ದನ್ನು ಉಳಿಸುವ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.